ಪಿಕಪ್‌ನ ಬೆನ್ನಲ್ಲೊಂದು ಮಲಗುವ ಕೋಣೆ: ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕೇ?

ಪಿಕಪ್ ಗಾಡಿಯ ಹಿಂಬದಿಯಲ್ಲಿ ಹಾಸಿಗೆ, ತಲೆಯ ಮೇಲೆ ಮಿಣುಕು ದೀಪದ ಸರ, ಮೂಲೆಯಲ್ಲಿ ಪುಟ್ಟ ಒಲೆಯ ಮೇಲೆ ಕುದಿಯುವ ಚಹಾ, ಹಿಂಬಾಗಿಲು ತೆರೆದರೆ ಎದುರಿಗೆ ಮಂಜು ಮುಸುಕಿದ ಬೆಟ್ಟ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಹೋಟೆಲ್ ಖರ್ಚಿಲ್ಲ, ಬುಕಿಂಗ್ ಗೋಜಿಲ್ಲ, ನಿಲ್ಲಿಸಿದಲ್ಲೇ ಮನೆ. ನೋಡಿದವರಿಗೆ ನಾವೂ ಒಂದು ಗಾಡಿಯನ್ನು ಹೀಗೆ ಸಜ್ಜು ಮಾಡಿಸೋಣ ಅನ್ನಿಸುವುದು ಸಹಜ. ಒಳಗೆ ಉಸಿರು ಕಟ್ಟುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಒಂದು ಸಿದ್ಧ ಉತ್ತರವೂ ಇದೆ: "ಕಿಟಕಿ ಒಂದಿಂಚು ತೆರೆದಿಡಿ, ಏನೂ ಆಗಲ್ಲ."

ಈ ಉತ್ತರ ಅರ್ಧ ಸರಿ. ಇನ್ನರ್ಧ ಜೀವಕ್ಕೇ ಕುತ್ತು ತರುವಂಥದ್ದು. ಯಾವುದು ಸರಿ, ಯಾವುದು ತಪ್ಪು, ಮತ್ತು ಗಾಡಿಯನ್ನು ಸರಿಯಾಗಿ ಸಜ್ಜುಗೊಳಿಸುವುದು ಹೇಗೆ ಎಂದು ನೋಡೋಣ.

ಈ ತೊಟ್ಟಿ ಯಾರಿಗಾಗಿ ಮಾಡಿದ್ದು?

ಇಸುಝು ವಿ-ಕ್ರಾಸ್ ಇರಲಿ, ಟೊಯೋಟಾ ಹೈಲಕ್ಸ್ ಇರಲಿ, ಹೆಸರಿನಲ್ಲೇ 'ಕ್ಯಾಂಪರ್' ಎಂದಿರುವ ಮಹೀಂದ್ರಾ ಬೊಲೆರೊ ಇರಲಿ, ಎಲ್ಲ ಪಿಕಪ್‌ಗಳ ರಚನೆ ಒಂದೇ. ಮುಂದೆ ಜನ ಕೂರುವ ಕ್ಯಾಬಿನ್, ಹಿಂದೆ ಸರಕು ತುಂಬುವ ತೊಟ್ಟಿ.

ಕ್ಯಾಬಿನ್ನಿನ ಬಾಗಿಲುಗಳಿಗೆ ರಬ್ಬರ್ ಸೀಲ್ ಇರುತ್ತದೆ, ಗಾಳಿ ಬರಲು ಹೋಗಲು ದಾರಿ ಇರುತ್ತದೆ. ಹಿಂದಿನ ತೊಟ್ಟಿಗೆ ಇವೊಂದೂ ಇಲ್ಲ. ಟೊಮೆಟೊ ಕ್ರೇಟ್, ಸಿಮೆಂಟ್ ಚೀಲ, ಹುಲ್ಲಿನ ಕಂತೆಗಳಿಗೆ ಉಸಿರಾಟದ ಚಿಂತೆ ಇಲ್ಲವಲ್ಲ! ಹಿಂಬಾಗಿಲಿನ ಸುತ್ತ ಸಂದು, ನೆಲದಲ್ಲಿ ನೀರು ಹರಿದುಹೋಗಲು ತೂತು, ಅದರ ಕೆಳಗೇ ಹಾದುಹೋಗುವ ಸೈಲೆನ್ಸರ್ ಕೊಳವೆ ಇರುವುದು ಸಾಮಾನ್ಯ. ತೊಟ್ಟಿ ತೆರೆದಿರುವವರೆಗೆ ಇದರಿಂದ ತೊಂದರೆ ಇಲ್ಲ. ಹೊಗೆ ಬಂದರೂ ಗಾಳಿಗೆ ಹಾರಿಹೋಗುತ್ತದೆ.

ಆದರೆ ಅದರ ಮೇಲೆ ಫೈಬರ್ ಕ್ಯಾನೊಪಿ ಕೂರಿಸಿದ ದಿನದಿಂದ, ಅಥವಾ ಟಾರ್ಪಾಲಿನ್ ಬಿಗಿದು ಕಟ್ಟಿದ ಕ್ಷಣದಿಂದ, ಅದು ತೊಟ್ಟಿಯಲ್ಲ, ಕೋಣೆ. ಸಂದುಗಳೂ ತೂತುಗಳೂ ಮಾತ್ರ ಹಾಗೇ ಉಳಿದಿರುತ್ತವೆ. ಅಲ್ಲಿಂದಲೇ ತೊಂದರೆ ಶುರು.

ಸಿಯಾಟಲ್‌ನ 20 ಮಕ್ಕಳು

ಪಿಕಪ್ ಮನೆಮನೆಯ ಗಾಡಿಯಾಗಿರುವ ಅಮೆರಿಕದಲ್ಲಿ ಈ ಅಪಾಯವನ್ನು ವೈದ್ಯರು ಮೂರು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಸಿಯಾಟಲ್ ನಗರದ ಆಸ್ಪತ್ರೆಯೊಂದರಲ್ಲಿ 1986ರಿಂದ 1991ರವರೆಗೆ ಕಾರ್ಬನ್ ಮಾನಾಕ್ಸೈಡ್ ವಿಷಬಾಧೆಗೆ ಚಿಕಿತ್ಸೆ ಪಡೆದ 68 ಮಕ್ಕಳ ವಿವರಗಳನ್ನು ಅಲ್ಲಿನ ವೈದ್ಯರು ಪರಿಶೀಲಿಸಿದರು. ಅವರಲ್ಲಿ 20 ಮಕ್ಕಳು ಪಿಕಪ್‌ನ ಹಿಂಬದಿಯಲ್ಲಿ ಕೂತು ಪ್ರಯಾಣ ಮಾಡಿದವರು. 17 ಮಕ್ಕಳು ಮುಚ್ಚಿದ ಗಟ್ಟಿ ಕ್ಯಾನೊಪಿಯ ಒಳಗಿದ್ದರು. ಉಳಿದ ಮೂವರು ಟಾರ್ಪಾಲಿನ್ ಅಡಿಯಲ್ಲಿದ್ದರು.

20 ಮಕ್ಕಳಲ್ಲಿ 15 ಮಂದಿ ಪ್ರಜ್ಞೆ ತಪ್ಪಿದ್ದರು. ಒಂದು ಮಗು ಉಳಿಯಲಿಲ್ಲ. ಇನ್ನೊಂದು ಮಗುವಿನ ನರವ್ಯವಸ್ಥೆಗೆ ಶಾಶ್ವತ ಹಾನಿಯಾಯಿತು. ಈ ಎಲ್ಲ ಗಾಡಿಗಳಲ್ಲೂ ಒಂದು ಸಾಮಾನ್ಯ ಅಂಶವಿತ್ತು: ಒಂದೋ ಸೈಲೆನ್ಸರ್ ಸೋರುತ್ತಿರುವುದು ಮೊದಲೇ ಗೊತ್ತಿತ್ತು, ಇಲ್ಲವೇ ಹೊಗೆ ಕೊಳವೆಯ ಬಾಯಿ ಪಕ್ಕಕ್ಕಲ್ಲದೆ ನೇರ ಹಿಂದಕ್ಕೆ ಇತ್ತು. 1992ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು. ಮುಂದೆ ಕ್ಯಾಬಿನ್ನಿನಲ್ಲಿ ಕೂತ ದೊಡ್ಡವರಿಗೆ ಹಿಂದೆ ಏನಾಗುತ್ತಿದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಮಕ್ಕಳು ಗಲಾಟೆ ನಿಲ್ಲಿಸಿದರೆ ನಿದ್ದೆ ಹೋದರು ಎಂದೇ ಎಲ್ಲರೂ ಅಂದುಕೊಳ್ಳುತ್ತೇವೆ.

ದೂರದ ಕಥೆ ಎನ್ನಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಬಳಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ಎಸಿಗಾಗಿ ಓಡಿಸಿದ ಜನರೇಟರಿನ ಹೊಗೆ ವಾಹನದ ನೆಲದಲ್ಲಿದ್ದ ತೂತಿನಿಂದ ಒಳಗೆ ಬಂದಿತ್ತು ಎಂಬುದು ಕೋಯಿಕ್ಕೋಡ್‌ನ ಎನ್‌ಐಟಿ ತಜ್ಞರು ನಡೆಸಿದ ಪರೀಕ್ಷೆಯಲ್ಲಿ ತಿಳಿಯಿತು. ಅದು ಪಿಕಪ್ ಅಲ್ಲ, ಆದರೆ ಕಾರಣ ಅದೇ: ಮುಚ್ಚಿದ ಕೋಣೆ, ಹತ್ತಿರದಲ್ಲಿ ಓಡುವ ಎಂಜಿನ್, ನಡುವೆ ಒಂದು ಸಣ್ಣ ದಾರಿ.

ಹಿಂದಕ್ಕೆ ಹೋದ ಹೊಗೆ ಒಳಗೆ ಬರುವುದು ಹೇಗೆ?

ಗಾಡಿ ಮುಂದೆ ಓಡುತ್ತದೆ, ಹೊಗೆ ಹಿಂದೆ ಉಳಿಯುತ್ತದೆ, ಹಾಗಿರುವಾಗ ಒಳಗೆ ಬರುವುದು ಹೇಗೆ ಎಂದು ಕೇಳಬಹುದು. ಇದಕ್ಕೆ ಉತ್ತರ ನಿಮ್ಮ ಊರಿನ ಮಣ್ಣು ರಸ್ತೆಯಲ್ಲೇ ಇದೆ. ಬೇಸಿಗೆಯಲ್ಲಿ ಓಡಾಡಿದ ಜೀಪನ್ನು ನೋಡಿ. ಮುಂದಿನ ಗಾಜಿಗಿಂತ ಹಿಂದಿನ ಗಾಜಿನ ಮೇಲೆ ಹೆಚ್ಚು ಧೂಳು ಮೆತ್ತಿರುತ್ತದೆ. ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಅಲ್ಲಿ ಗಾಳಿ ಸುಳಿಸುಳಿಯಾಗಿ ಮತ್ತೆ ಗಾಡಿಯತ್ತಲೇ ತಿರುಗುತ್ತದೆ. ಧೂಳು ಹಾಗೆಯೇ ಬಂದು ಮೆತ್ತುತ್ತದೆ. ಹೊಗೆಯೂ ಅದೇ ದಾರಿಯಲ್ಲಿ ಬಂದು ಹಿಂಬಾಗಿಲಿನ ಸಂದಿನಿಂದ ಒಳನುಗ್ಗುತ್ತದೆ. ಧೂಳಾದರೆ ಕಣ್ಣಿಗೆ ಕಾಣುತ್ತದೆ, ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ.

ನಿಂತ ಗಾಡಿಯಲ್ಲಿ ಎಂಜಿನ್ ಚಾಲೂ ಇದ್ದರೆ ಗಾಳಿಯ ದಿಕ್ಕೇ ನಿರ್ಣಾಯಕ. ಹಿಂದಿನಿಂದ ಗಾಳಿ ಬೀಸಿದರೆ, ಅಥವಾ ಗಾಡಿಯ ಹಿಂಭಾಗ ಗೋಡೆಗೋ ದಿಬ್ಬಕ್ಕೋ ಮುಖಮಾಡಿದ್ದರೆ, ಹೊಗೆ ಅಲ್ಲಿಯೇ ಸುತ್ತುತ್ತದೆ.

ದೇಹದೊಳಗೆ ಏನಾಗುತ್ತದೆ?

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯುವ ಬಸ್ಸು ಎಂದುಕೊಳ್ಳಿ. ಆಮ್ಲಜನಕ ಈ ಬಸ್ಸನ್ನು ಹತ್ತುತ್ತದೆ, ತನ್ನ ನಿಲ್ದಾಣ ಬಂದಾಗ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಹತ್ತಿದರೆ ಸುಲಭಕ್ಕೆ ಇಳಿಯುವುದಿಲ್ಲ. ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಶಕ್ತಿ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಹೆಚ್ಚು. ಹಾಗಾಗಿ ಗಾಳಿಯಲ್ಲಿ ಅದರ ಪ್ರಮಾಣ ಅತ್ಯಲ್ಪ ಇದ್ದರೂ ಗಂಟೆಗಳು ಕಳೆದಂತೆ ಸೀಟುಗಳೆಲ್ಲ ಅದರದ್ದೇ ಆಗುತ್ತವೆ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 4ರಿಂದ 6 ಗಂಟೆ ಬೇಕು.

ಮೊದಲು ಬರುವುದು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಪ್ರವಾಸದಲ್ಲಿ ಇದನ್ನು ಯಾರು ಅನುಮಾನಿಸುತ್ತಾರೆ? ಘಾಟಿಯ ತಿರುವು, ಮಧ್ಯಾಹ್ನದ ಊಟ, ನಿದ್ದೆಗೇಡು ಎಂದು ಯಾವುದಕ್ಕೋ ದೂರು ಹಾಕಿ "ಸ್ವಲ್ಪ ಮಲಗಿದರೆ ಸರಿಹೋಗುತ್ತದೆ" ಎಂದು ಮಲಗುತ್ತೇವೆ. ಅದೇ ಕೋಣೆಯಲ್ಲಿ ಮಲಗುವುದೇ ಅತಿ ಕೆಟ್ಟ ನಿರ್ಧಾರ. ನಿದ್ದೆಯಲ್ಲಿರುವವರನ್ನು ಈ ಅನಿಲ ಎಬ್ಬಿಸುವುದಿಲ್ಲ.

ಜನ ಹೇಳುವ ಮಾತು, ನಿಜವಾದ ಸಂಗತಿ

"ಕಿಟಕಿ ಸ್ವಲ್ಪ ತೆರೆದರೆ ಸಾಕು." ಉಸಿರಿಗೆ ಸಾಕು, ಹೊಗೆಗೆ ಸಾಲದು. ಎಂಜಿನ್ ಬಂದ್ ಇದ್ದು, ಒಳಗೆ ಬೆಂಕಿ ಇಲ್ಲದಿದ್ದರೆ ಸ್ವಲ್ಪ ತೆರೆದ ಕಿಟಕಿ ತಾಜಾ ಗಾಳಿ ಕೊಡುತ್ತದೆ. ಆದರೆ ಎಂಜಿನ್ ಓಡುತ್ತಿದ್ದರೆ ಅದೇ ಕಿಟಕಿ ಹೊಗೆಗೂ ಬಾಗಿಲಾಗಬಹುದು. ಒಳಗೆ ಕೆಂಡ ಇದ್ದರೆ ಒಂದಿಂಚು ಸಂದಿನಿಂದ ಹೊರಹೋಗುವುದಕ್ಕಿಂತ ಹೆಚ್ಚು ಅನಿಲ ಒಳಗೆ ಹುಟ್ಟುತ್ತಿರುತ್ತದೆ.

"ಡೀಸೆಲ್ ಗಾಡಿಯಲ್ಲಿ ಆ ಭಯ ಇಲ್ಲ." ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ, ನಿಜ. ಕಡಿಮೆ ಎಂದರೆ ಶೂನ್ಯವಲ್ಲ. ಜೊತೆಗೆ ನೈಟ್ರೋಜನ್ ಆಕ್ಸೈಡ್‌ಗಳೂ ಮಸಿಯೂ ಇರುತ್ತವೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಕೆಲಸ ಮಾಡುತ್ತದೆ. ಚಳಿಯಲ್ಲಿ ಈಗಷ್ಟೇ ಚಾಲೂ ಮಾಡಿದ ಎಂಜಿನ್ನಿನ ಹೊಗೆ ಹೆಚ್ಚು ಕೆಟ್ಟದ್ದು.

"ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ." ಇದು ಅಡುಗೆ ಅನಿಲದ ಮಾತು. ಎಲ್‌ಪಿಜಿಗೂ ಸ್ವಂತ ವಾಸನೆ ಇಲ್ಲ. ಸೋರಿಕೆ ತಿಳಿಯಲಿ ಎಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ರಾಸಾಯನಿಕ ಬೆರೆಸುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ಬೆರೆಸುವವರು ಯಾರೂ ಇಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

"ವಿಷಾನಿಲ ಕೆಳಗೆ ಕೂರುತ್ತದೆ, ಮೇಲೆ ಮಲಗಿದರೆ ಸರಿ." ಇದೂ ಎಲ್‌ಪಿಜಿಯ ಗುಣವನ್ನು ಇನ್ನೊಂದಕ್ಕೆ ಅಂಟಿಸಿದ್ದು. ಕಾರ್ಬನ್ ಮಾನಾಕ್ಸೈಡ್‌ನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ಮೇಲೆ ಕೆಳಗೆ ಎನ್ನದೆ ಇಡೀ ಕೋಣೆಯಲ್ಲಿ ಬೆರೆತುಹೋಗುತ್ತದೆ.

"ಹೊಗೆ ಇಲ್ಲದ ಕೆಂಡ ಇಟ್ಟರೆ ಬೆಚ್ಚಗಿರುತ್ತದೆ." ಇದು ಎಲ್ಲಕ್ಕಿಂತ ಅಪಾಯದ್ದು. ನಿಗಿನಿಗಿ ಇದ್ದಿಲಿನಲ್ಲಿ ಕಣ್ಣುರಿಸುವ ಹೊಗೆ ಇರುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿರುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿ ಸತ್ತವರ ಸುದ್ದಿ ಬರುತ್ತಲೇ ಇರುತ್ತದೆ. ಮನೆಯ ಕೋಣೆಯೇ ಹೀಗಾದರೆ, ಎದ್ದು ಕೂರಲೂ ಜಾಗವಿಲ್ಲದ ಪಿಕಪ್‌ನ ಗತಿ ಏನು?

"ಆಕ್ಸಿಮೀಟರ್ ಇದೆ, ನೋಡಿಕೊಳ್ಳುತ್ತೇವೆ." ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಮನುಷ್ಯ ಪ್ರಜ್ಞೆ ತಪ್ಪುತ್ತಿದ್ದರೂ ಅದು 97, 98 ಎಂದು ತೋರಿಸಬಹುದು.

ಹಾಗಾದರೆ ಗಾಡಿಯನ್ನು ಸಜ್ಜುಗೊಳಿಸುವುದು ಹೇಗೆ?

ಸೂತ್ರ ಒಂದೇ: ರಾತ್ರಿ ಎಂಜಿನ್ ಹಾಕುವ ಅಗತ್ಯವೂ, ಒಳಗೆ ಬೆಂಕಿ ಹಚ್ಚುವ ಅಗತ್ಯವೂ ಬರದಂತೆ ಗಾಡಿಯನ್ನು ಸಿದ್ಧಮಾಡಿ. ಜನ ಎಂಜಿನ್ ಹಾಕುವುದು ಸೆಕೆಗೆ, ಕೆಂಡ ಇಡುವುದು ಚಳಿಗೆ. ಇವೆರಡಕ್ಕೂ ಬೇರೆ ಪರಿಹಾರ ಮೊದಲೇ ಇದ್ದರೆ ಮಧ್ಯರಾತ್ರಿ ತಪ್ಪು ನಿರ್ಧಾರ ಮಾಡುವ ಪ್ರಸಂಗವೇ ಬರುವುದಿಲ್ಲ.

ಮೊದಲು ಸೈಲೆನ್ಸರ್. ಕ್ಯಾನೊಪಿಗೆ ಅಳತೆ ಕೊಡುವ ಮುಂಚೆ ಗಾಡಿಯನ್ನು ಮೆಕ್ಯಾನಿಕ್ ಬಳಿ ಎತ್ತಿಸಿ, ತುಕ್ಕು ತೂತು, ಸಡಿಲ ಜಾಯಿಂಟ್ ಇದೆಯೇ ಎಂದು ನೋಡಿಸಿ. ಆಮೇಲೆ ಹಿಂಬಾಗಿಲಿನ ಸುತ್ತ ರಬ್ಬರ್ ಸೀಲ್ ಹಾಕಿಸಿ. ವೈರ್ ಒಯ್ಯಲು ಕೊರೆದ ತೂತುಗಳಿಗೆ ರಬ್ಬರ್ ಬಿರಡೆ ಹಾಕಿಸಿ. ಇಷ್ಟಾದ ಮೇಲೂ ಎಂಜಿನ್ ಓಡುವಾಗ ಹಿಂದೆ ಯಾರೂ ಕೂರಬಾರದು, ಮಲಗಬಾರದು.

ಎರಡನೆಯದು ಬ್ಯಾಟರಿ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನೇ ರಾತ್ರಿಯಿಡೀ ಬಳಸಿದರೆ ಬೆಳಿಗ್ಗೆ ಗಾಡಿ ತಳ್ಳಬೇಕಾದೀತು. ಬೇರೆಯೇ ಒಂದು ಬ್ಯಾಟರಿ ಇರಲಿ. ಲೆಕ್ಕ ಸುಲಭ: 12 ವೋಲ್ಟ್‌ನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1,200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 15 ವ್ಯಾಟ್‌ನ ಫ್ಯಾನ್ 8 ಗಂಟೆ ಓಡಿದರೆ 120. ದೀಪ ಮತ್ತು ಎರಡು ಫೋನ್ ಸೇರಿ 60 ಎಂದಿಟ್ಟುಕೊಳ್ಳಿ. ಅಂದರೆ ಇಡೀ ರಾತ್ರಿಗೆ 200 ಕೂಡ ಬೇಡ. ಆದರೆ 1,000 ವ್ಯಾಟ್‌ನ ಎಸಿ ಹಾಕಿದರೆ ಅದೇ ಬ್ಯಾಟರಿ ಒಂದು ಗಂಟೆ ಚಿಲ್ಲರೆಯಲ್ಲಿ ಖಾಲಿ. ಎಸಿ ಆಸೆ ಬಿಟ್ಟರೆ ಎಂಜಿನ್ ಹಂಗೂ ಬಿಟ್ಟಂತೆ. ಹೊಸ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಬಹುಪಾಲು ಶಕ್ತಿಯನ್ನು ಬಳಸಬಹುದು. ಹಳೆಯ ಸೀಸ-ಆಮ್ಲ ಬ್ಯಾಟರಿಯಾದರೆ ಅರ್ಧದಷ್ಟೇ ಬಳಸಬೇಕು. ಅದು ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುವುದರಿಂದ ಮಲಗುವ ಜಾಗದಲ್ಲಿ ಇಡಬಾರದು. ಯಾವುದೇ ಬ್ಯಾಟರಿಯಾದರೂ ಅದರಿಂದ ಹೊರಟ ವೈರಿಗೆ ಒಂದು ಗೇಣಿನೊಳಗೇ ಫ್ಯೂಸ್ ಇರಲಿ. ವೈರ್ ಶಾರ್ಟ್ ಆದಾಗ ಬೆಂಕಿ ಹತ್ತುವುದನ್ನು ತಡೆಯುವುದು ಅದೇ.

ಮೂರನೆಯದು ಗಾಳಿ. ಒಬ್ಬ ಮನುಷ್ಯ ರಾತ್ರಿಯಿಡೀ ಬಿಡುವ ಉಸಿರಿನಲ್ಲಿ ಸುಮಾರು ಒಂದು ಲೋಟದಷ್ಟು ನೀರಿನ ಆವಿ ಇರುತ್ತದೆ. ಇಬ್ಬರು ಮಲಗಿದರೆ ಬೆಳಗಿನ ಜಾವಕ್ಕೆ ಕ್ಯಾನೊಪಿಯ ಒಳಮೈಯಿಂದ ಹನಿ ತೊಟ್ಟಿಕ್ಕುತ್ತದೆ. ಹಾಸಿಗೆ ಒದ್ದೆಯಾದರೆ ಚಳಿ ಇನ್ನೂ ಹೆಚ್ಚು. ಆದ್ದರಿಂದ ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಸೊಳ್ಳೆಪರದೆ ಹಾಕಿದ ಎರಡು ಕಿಂಡಿ ಇರಲಿ. ಗಾಳಿ ಅಡ್ಡಾಡಿದರೆ ಒಳಗೆ ಒಣಗಿರುತ್ತದೆ.

ನಾಲ್ಕನೆಯದು ಚಳಿ. ತಣ್ಣಗಿನ ಲೋಹದ ನೆಲ ಮೈಯ ಶಾಖವನ್ನು ಹೀರುತ್ತದೆ. ಹೊದಿಕೆಗಿಂತ ಮೊದಲು ಹಾಸಿಗೆಯ ಅಡಿ ನೋಡಿ. ಪ್ಲೈವುಡ್ ಹಲಗೆ, ಅದರ ಮೇಲೆ ಫೋಮ್, ಮೇಲೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಅಥವಾ ಎರಡು ಕಂಬಳಿ, ತಲೆಗೆ ಉಣ್ಣೆ ಟೋಪಿ, ಕಾಲ ಬಳಿ ಬಿಸಿನೀರಿನ ಬ್ಯಾಗ್. ನಮ್ಮ ಮಲೆನಾಡಿನ ಡಿಸೆಂಬರ್ ರಾತ್ರಿಗೆ ಇಷ್ಟು ಸಾಕು.

ಐದನೆಯದು ಒಲೆ. ವಿಡಿಯೋದಲ್ಲಿ ಒಳಗೇ ಚಹಾ ಕಾಯಿಸುವುದು ಚಂದ ಕಾಣುತ್ತದೆ, ಆದರೆ ಅಡುಗೆ ಗಾಡಿಯಿಂದ ನಾಲ್ಕು ಹೆಜ್ಜೆ ದೂರ, ಬಯಲಲ್ಲೇ ಆಗಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಪಿಕಪ್‌ನ ತೊಟ್ಟಿ ಬಾನಿಯಂತೆ ಇರುವುದರಿಂದ ಸೋರಿದ ಅನಿಲ ಅದರ ತಳದಲ್ಲೇ ತುಂಬಿಕೊಳ್ಳುತ್ತದೆ, ಅಂದರೆ ನೀವು ಮಲಗುವ ಮಟ್ಟದಲ್ಲೇ. ಸಿಲಿಂಡರ್ ಅಥವಾ ಗ್ಯಾಸ್ ಡಬ್ಬಿಯನ್ನು ರಾತ್ರಿ ಬಂದ್ ಮಾಡಿ ಹೊರಗಿಡಿ.

ಆರನೆಯದು ಅಲಾರಂ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕ್ಯಾರವಾನ್ ಮತ್ತು ದೋಣಿಗಳಿಗಾಗಿ ರೂಪಿಸಿದ 'ಇಎನ್ 50291-2' ಮಾನಕದ ಗುರುತು ಇದ್ದರೆ ಉತ್ತಮ. ಹೊಗೆ ಅಲಾರಂ ಬೇರೆ, ಎಲ್‌ಪಿಜಿ ಅಲಾರಂ ಬೇರೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಅದರ ಸೆನ್ಸರ್‌ಗೂ ಆಯಸ್ಸಿದೆ, ಡಬ್ಬಿಯ ಮೇಲಿನ ಮುಕ್ತಾಯದ ದಿನಾಂಕ ನೋಡಿ. ಪಕ್ಕದ ಗಾಡಿಯವರ ಜನರೇಟರಿನಿಂದಲೂ ಹೊಗೆ ಬರಬಹುದಾದ್ದರಿಂದ, ಎಲ್ಲ ಸರಿ ಇದ್ದರೂ ಇದೊಂದು ಇರಲೇಬೇಕು.

ತೂಕ ಮತ್ತು ಕಾಗದಪತ್ರ

ತೊಟ್ಟಿ ಸರಕಿಗಾಗಿ ಮಾಡಿದ್ದಾದರೂ ಎಷ್ಟು ಬೇಕಾದರೂ ಹೇರುವಂತಿಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರಲ್ಲಿ ಜನರೂ ಸೇರಬೇಕು. ಉದಾಹರಣೆಗೆ 400 ಕೆಜಿ ಉಳಿಯಿತು ಎನ್ನೋಣ. ಇಬ್ಬರು ಜನ 140, ಕ್ಯಾನೊಪಿ 75, ಹಲಗೆ ಹಾಸಿಗೆ 40, ಚಾವಣಿ ಟೆಂಟ್ 60, ನೀರು 40 ಲೀಟರ್ ಅಂದರೆ 40 ಕೆಜಿ, ಬ್ಯಾಟರಿ ಮತ್ತು ಫ್ರಿಜ್ 35. ಆಗಲೇ 390 ಆಯಿತು, ಬಟ್ಟೆ, ಪಾತ್ರೆ, ಅಕ್ಕಿ ಬೇಳೆ ಇನ್ನೂ ಹತ್ತಿಲ್ಲ! ಮೇಲೆ ಭಾರ ಹೆಚ್ಚಿದಷ್ಟೂ ಘಾಟಿ ತಿರುವಿನಲ್ಲಿ ಗಾಡಿ ವಾಲುವುದು ಹೆಚ್ಚು, ಬ್ರೇಕ್ ಹಿಡಿಯುವುದು ತಡ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಹಲಗೆ, ಹಾಸಿಗೆ, ಬ್ಯಾಟರಿ ಡಬ್ಬಿಯಂತೆ ಬಿಚ್ಚಿ ತೆಗೆಯಬಹುದಾದ ಸಾಮಾನು ಒಂದು ಬಗೆ, ಕತ್ತರಿಸಿ ವೆಲ್ಡ್ ಮಾಡುವುದು ಇನ್ನೊಂದು ಬಗೆ. ಕೆಲಸ ಶುರುಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರ ಬಳಿ ಕೇಳಿಕೊಳ್ಳಿ.

ಅನುಮಾನ ಬಂದರೆ ಏನು ಮಾಡಬೇಕು?

ಒಬ್ಬರಿಗೆ ತಲೆನೋವಾದರೆ ಅದು ಬರಿಯ ತಲೆನೋವಿರಬಹುದು. ಒಳಗಿದ್ದ ಇಬ್ಬರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ, ಹೊರಗೆ ಬಂದಾಗ ಹಗುರಾದರೆ, ಕಾರ್ಬನ್ ಮಾನಾಕ್ಸೈಡ್ ಎಂದೇ ತಿಳಿಯಿರಿ. ತಕ್ಷಣ ಎಲ್ಲರೂ ಹೊರಗೆ ಬನ್ನಿ. ಎಂಜಿನ್, ಜನರೇಟರ್ ನಿಲ್ಲಿಸಿ, ಎಲ್ಲ ಬಾಗಿಲು ತೆರೆಯಿರಿ. 108 ಅಥವಾ 112ಕ್ಕೆ ಕರೆಮಾಡಿ. ಆಸ್ಪತ್ರೆಯಲ್ಲಿ "ಗಾಡಿಯೊಳಗೆ ಹೊಗೆ ಸೇವನೆ ಆಗಿರಬಹುದು" ಎಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಆಕ್ಸಿಮೀಟರ್ ಅದನ್ನು ಹೇಳುವುದಿಲ್ಲ, ರಕ್ತಪರೀಕ್ಷೆಯೇ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ವಿಷದ ಪ್ರಮಾಣ ಒಂದು, ಒಂದೂವರೆ ಗಂಟೆಯಲ್ಲೇ ಅರ್ಧಕ್ಕಿಳಿಯುತ್ತದೆ. ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಅಪಾಯ ಹೆಚ್ಚು. ಹಾಯಾಗಿ ಕಂಡರೂ ಅವರನ್ನು ವೈದ್ಯರಿಗೆ ತೋರಿಸಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಪಿಕಪ್ ಕ್ಯಾಂಪಿಂಗ್ ತಪ್ಪಲ್ಲ. ಚೆನ್ನಾಗಿ ಸಜ್ಜಾದ ಗಾಡಿಯಲ್ಲಿ ಬೆಟ್ಟದ ಬುಡದಲ್ಲಿ ಎದ್ದು ಕೂರುವ ಸುಖವೇ ಬೇರೆ. ಆ ಚಂದದ ವಿಡಿಯೋ ಇನ್ನೊಬ್ಬರಿಗೆ ಕಳಿಸುವಾಗ ಕೆಳಗಿನ ನಾಲ್ಕು ಸಾಲನ್ನೂ ಸೇರಿಸಿ ಕಳಿಸಿ:

1. ಗಾಡಿ ಓಡುವಾಗ ಹಿಂಬದಿಯ ಮುಚ್ಚಿದ ತೊಟ್ಟಿಯಲ್ಲಿ ಯಾರೂ ಇರಬಾರದು, ಮಕ್ಕಳಂತೂ ಬೇಡವೇ ಬೇಡ.
2. ಮಲಗುವಾಗ ಎಂಜಿನ್ ಬಂದ್, ಜನರೇಟರ್ ಬಂದ್.
3. ಕೆಂಡ, ಒಲೆ, ಸಿಲಿಂಡರ್ ಯಾವುದೂ ಒಳಗಿಲ್ಲ. ಚಳಿಗೆ ಕಂಬಳಿ, ಸೆಕೆಗೆ ಬ್ಯಾಟರಿ ಫ್ಯಾನ್.
4. ಕಿಟಕಿ ತೆರೆದಿಡುವುದು ಉಸಿರಿಗೆ. ಹೊಗೆಗೆ ಅದು ಮದ್ದಲ್ಲ. ಅದಕ್ಕೆ ಅಲಾರಂ ಬೇಕು.